ಅಪ್ಪ ಈಗ ಕಥೆ ಬರೀತಾರೆ

ನಿವೃತ್ತರಾದ ಅಪ್ಪ ಮನೆಯಲ್ಲಿದ್ದರೆ ಏನೇನಾಗುತ್ತೆ ಅನ್ನೋದನ್ನ ಆಫೀಸಿನ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತರೆ ಪೂರ್ತಿ ತಿಳ್ಕೋಬಹುದು. ನಮ್ಮ ಟೀಮಿನ ಒಬ್ಬಳ ಅಪ್ಪ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿ ನೀರಿನ ಟ್ಯಾಂಕರಿನವನ ಲೆಕ್ಕ ಹಿಡಿದು ಕೂತಿದ್ದಾರೆ. ಇನ್ನೊಬ್ಬನ ಅಪ್ಪ ಷೇರು ವ್ಯವಹಾರ ಕಲಿತು ಮಗನಿಗೇ ಪಾಠ ಹೇಳ್ತಾರೆ. ಮತ್ತೊಬ್ಬರ ಅಪ್ಪ ಬೆಳಿಗ್ಗೆ ಐದೂವರೆಗೆ ಶುಭೋದಯದ ಚಿತ್ರ ಕಳಿಸಿ, ನೋಡಿದ್ಯಾ ಅಂತ ಆರಕ್ಕೆ ಫೋನ್ ಮಾಡ್ತಾರೆ. ನನ್ನ ಸರದಿ ಬಂದಾಗ “ನಮ್ಮಪ್ಪ ಕಥೆ ಬರೀತಾರೆ” ಅಂದೆ.

“ಆತ್ಮಕಥೆನಾ?”

ಅಲ್ಲ, ಕಥೆ. ಸಣ್ಣ ಕಥೆ. ಆಗದೇ ಇದ್ದದ್ದನ್ನು ಆದ ಹಾಗೆ ಬರೆಯೋದು.

“ಎಂಜಿನಿಯರ್ ಅಲ್ವಾ ಅವ್ರು?”

ಹೌದು. ತೊಂದರೆ ಇರೋದೇ ಅಲ್ಲಿ.

ಅಪ್ಪ ಮೂವತ್ತಾರು ವರ್ಷ ನೀರಾವರಿ ಇಲಾಖೆಯಲ್ಲಿದ್ದವರು. ನಾಲೆ, ತೂಬು, ಏರಿ, ಕ್ರಸ್ಟ್ ಗೇಟು ಇವೆಲ್ಲ ನಮ್ಮ ಮನೆಯ ಊಟದ ಮಾತುಗಳು. 2016ರಲ್ಲಿ ನಿವೃತ್ತರಾಗಿ ಮೈಸೂರಿನ ಮನೆಗೆ ಬಂದವರು ಮೊದಲ ಆರು ತಿಂಗಳು ಆ ಮನೆಯನ್ನೇ ಒಂದು ಕಾಮಗಾರಿ ಅಂದುಕೊಂಡರು. ಸೋರುವ ನಲ್ಲಿಗಳನ್ನೆಲ್ಲ ಸರಿಮಾಡಿದರು. ಸಂಪಿನ ಉದ್ದಗಲ ಅಳೆದು, ಎಷ್ಟು ಲೀಟರ್ ಹಿಡಿಯುತ್ತೆ ಅಂತ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಬರೆದರು. ಸ್ವಿಚ್ ಬೋರ್ಡುಗಳಿಗೆಲ್ಲ ಚೀಟಿ ಅಂಟಿಸಿದರು. ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕಿದ ದಿನ ಅಮ್ಮ ಕೆಲಸ ನಿಲ್ಲಿಸಿದಳು.

ಆಮೇಲೆ ಅಮ್ಮನ ವಾರಪತ್ರಿಕೆಗಳನ್ನು ಓದೋಕೆ ಶುರುಮಾಡಿದರು. ನಮ್ಮಮ್ಮ ತ್ರಿವೇಣಿಯಿಂದ ಸಾಯಿಸುತೆಯವರೆಗೆ ಎಲ್ಲವನ್ನೂ ಓದಿದವಳು. ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಟ್ಟುಕೊಂಡವಳು. ಒಂದು ಸಂಜೆ ಅಪ್ಪ ಕನ್ನಡಕ ತೆಗೆದು, “ಇಂಥಾದ್ದು ನಾನೂ ಬರೀಬಹುದು ಕಣೇ” ಅಂದ್ರಂತೆ.

“ಬರೀರಿ. ಮನೆ ಅಳೆಯೋದು ನಿಲ್ಲಿಸಿದ್ರೆ ಸಾಕು” ಅಂದಳಂತೆ ಅಮ್ಮ.

ಹೀಗೆ ಶುರುವಾಯ್ತು. ನಾನು ಬೆಂಗಳೂರಿನಲ್ಲಿ ಇರೋಳು. ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆಗೆ ಹೋಗಿ ಬರೋದರಲ್ಲಿ ಒಂದು ಕಥೆ ಎರಡು ಸಲ ಓದುವಷ್ಟು ಹೊತ್ತು ಸಿಗುತ್ತೆ. ಹಾಗಾಗಿ ಅಪ್ಪನ ಮೊದಲ ಓದುಗಳು, ಬೆರಳಚ್ಚುಗಾರ್ತಿ ಎರಡೂ ನಾನೇ.

ಅಪ್ಪನ ಮೊದಲ ಹಸ್ತಪ್ರತಿಯ ಫೋಟೊಗಳು ಬಂದಾಗ ನನಗೆ ಅರ್ಥವಾಗದ ಒಂದು ವಿಷಯ ಇತ್ತು. ಎಲ್ಲೆಲ್ಲಿ ಒಂದು ಪದ ಹೊಡೆದುಹಾಕಿದ್ದಾರೋ ಅಲ್ಲೆಲ್ಲ ಪಕ್ಕದಲ್ಲಿ ಪುಟ್ಟ ಸಹಿ, ತಾರೀಕು! ‘ಮಳೆ ಜೋರಾಗಿ’ ಹೊಡೆದು ‘ಮಳೆ ಸಣ್ಣಗೆ’ ಅಂತ ಮಾಡಿದ್ದಕ್ಕೂ ಸಹಿ. ಕೇಳಿದರೆ, ಅದು ಎಂ.ಬಿ. ಅಭ್ಯಾಸ ಅಂದ್ರು. ಎಂ.ಬಿ. ಅಂದ್ರೆ ಮೆಜರ್‌ಮೆಂಟ್ ಬುಕ್. ಸರ್ಕಾರಿ ಕಾಮಗಾರಿಯಲ್ಲಿ ಎಷ್ಟು ಮಣ್ಣು ಅಗೆದರು, ಎಷ್ಟು ಕಾಂಕ್ರೀಟ್ ಹಾಕಿದರು ಅನ್ನೋದು ಅದರಲ್ಲಿ ಬರೆದ ಮೇಲೇ ದುಡ್ಡು. ಪುಟಗಳಿಗೆ ಮೊದಲೇ ನಂಬರು ಇರುತ್ತೆ. ಹಾಳೆ ಹರಿಯುವ ಹಾಗಿಲ್ಲ. ಅಳಿಸುವ ಹಾಗಿಲ್ಲ, ಮೇಲೆ ತಿದ್ದುವ ಹಾಗಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಸರಿಯಾದ್ದನ್ನು ಬರೆದು, ಸಹಿ ಹಾಕಬೇಕು. ತಪ್ಪು ಏನಿತ್ತು ಅಂತ ಮುಂದೆ ನೋಡುವವರಿಗೂ ಕಾಣಬೇಕು.

ಮೂವತ್ತಾರು ವರ್ಷ ಹಾಗೆ ಬರೆದ ಕೈ ಅದು. ಕಥೆಗೂ ಅಪ್ಪ ಉದ್ದನೆ ರಿಜಿಸ್ಟರ್ ತಂದು, 1ರಿಂದ 200ರವರೆಗೆ ಪುಟಕ್ಕೆ ನಂಬರು ಹಾಕಿಕೊಂಡೇ ಶುರುಮಾಡಿದ್ದು. ನನಗೆ ಇದು ಬಲು ಇಷ್ಟವಾಯ್ತು. ನಾವೆಲ್ಲ ಡಿಲೀಟ್ ಒತ್ತಿ ಒತ್ತಿ ನಮ್ಮ ಮೊದಲ ಯೋಚನೆ ಏನಿತ್ತು ಅನ್ನೋದನ್ನೇ ಮರೆತುಬಿಡ್ತೀವಿ.

ಮೊದಲ ಕಥೆಯ ಮೊದಲ ಸಾಲು ಹೀಗಿತ್ತು: ‘ಸದರಿ ಗ್ರಾಮವು ತಾಲ್ಲೂಕು ಕೇಂದ್ರದಿಂದ 22 ಕಿ.ಮೀ. ಅಂತರದಲ್ಲಿದ್ದು, ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುತ್ತದೆ.’ ಎರಡನೇ ಪ್ಯಾರಾದಲ್ಲಿ ನಾಯಕ ಬರ್ತಾನೆ. ಅವನ ಎತ್ತರ ಐದು ಅಡಿ ಏಳು ಅಂಗುಲ. ಮೂರನೇ ಪ್ಯಾರಾದಲ್ಲಿ ಅವನು ದುಃಖಿತನಾಗಿರುತ್ತಾನೆ, ‘ಮೇಲ್ಕಂಡ ಕಾರಣಗಳಿಂದಾಗಿ’.

ಅಮ್ಮ ಓದಿ, “ಇದು ಕಥೆಯೋ ಟಿಪ್ಪಣಿಯೋ? ಯಾರೂ ಅಳೋದೇ ಇಲ್ವಲ್ರೀ?” ಅಂದಳು.

ಅಪ್ಪನ ಕಥೆಗಳ ಇನ್ನೊಂದು ಸಮಸ್ಯೆಗೆ ನಾನು ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಹೆಸರಿಟ್ಟಿದ್ದೀನಿ. ಬೀಳಬಹುದಾದ ಭಾರಕ್ಕಿಂತ ಹೆಚ್ಚು ಭಾರ ತಡೆಯೋ ಹಾಗೆ ಕಟ್ಟಬೇಕು ಅನ್ನೋದು ಎಂಜಿನಿಯರಿಂಗಿನ ಮೊದಲ ಪಾಠ. ಅಪ್ಪ ಕಥೆಯನ್ನೂ ಹಾಗೇ ಕಟ್ಟುತ್ತಿದ್ದರು. ಮಗ ಮನೆ ಬಿಟ್ಟು ಹೋದ ಅಂತ ಒಂದು ಸಲ ಹೇಳೋದು, ಅಮ್ಮನ ಬಾಯಲ್ಲಿ ಇನ್ನೊಂದು ಸಲ ಹೇಳಿಸೋದು, ಕೊನೆಗೆ ಲೇಖಕರೇ ಬಂದು ಮೂರನೇ ಸಲ ಖಚಿತಪಡಿಸೋದು. “ಅಪ್ಪ, ಒಂದು ಸಲ ಹೇಳಿದ್ರೆ ಸಾಕು, ಓದೋರಿಗೆ ಗೊತ್ತಾಗುತ್ತೆ” ಅಂದೆ.

“ಗೊತ್ತಾಗದೇ ಹೋದ್ರೆ? ಕಥೆ ಕುಸಿದು ಹೋಗುತ್ತಲ್ಲಮ್ಮ” ಅಂದ್ರು. ನಿಜವಾದ ಕಳವಳದಿಂದ.

ಟೈಪಿಂಗ್ ಕಥೆ ಬೇರೆಯೇ ಇದೆ. ಇಲಾಖೆಯಲ್ಲಿ ನುಡಿ ತಂತ್ರಾಂಶ ಬಂದಾಗ ಅಪ್ಪ ಕಲಿಯಲಿಲ್ಲ, ಅದಕ್ಕೆ ಗುಮಾಸ್ತರಿದ್ದರು. ಈಗ ಫೋನಿಗೆ ಮಾತಾಡಿ ಬರೆಸೋದನ್ನ ಹೇಳಿಕೊಟ್ಟೆ. ಅಪ್ಪ ವರಾಂಡದಲ್ಲಿ ನಿಂತು, ಸೈಟಿನಲ್ಲಿ ಕೂಗುವ ದನಿಯಲ್ಲಿ ಕಥೆ ಹೇಳಿದರು. ಪ್ರತಿ ವಾಕ್ಯದ ಕೊನೆಗೆ ‘ಫುಲ್‌ಸ್ಟಾಪ್’ ಅಂದದ್ದನ್ನು ಫೋನು ನಿಷ್ಠೆಯಿಂದ ಅಕ್ಷರದಲ್ಲೇ ಬರೆದಿತ್ತು. ಮಧ್ಯೆ ತರಕಾರಿ ಗಾಡಿಯವನ ಸೊಪ್ಪಿನ ರೇಟೂ ಸೇರಿತ್ತು. ನಾಯಕಿ ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ದಂಟಿನ ಸೊಪ್ಪು ಬಂದಿತ್ತು. ಆವತ್ತಿಂದ ರಿಜಿಸ್ಟರ್, ಫೋಟೊ, ನಾನು.

ಲೇಟಾಗಿ ಬರೆಯೋಕೆ ಕೂರುವವರ ಬಗ್ಗೆ ‘ನಿವೃತ್ತಿಯ ಹವ್ಯಾಸ’ ಅಂತ ಒಂದು ಮಾತಿದೆಯಲ್ಲ, ನನಗೆ ಅದು ಹಿಡಿಸಲ್ಲ. ಬೋನ್ಸಾಯ್ ಬೆಳೆಸೋದರ ಪಕ್ಕದಲ್ಲಿ ಇಟ್ಟುಬಿಡ್ತೀವಿ. ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ತಂದಿದ್ದು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ಅದು ಕಥೆಯಲ್ಲ ನಿಜ. ಆದರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಅವರು ಹುಟ್ಟಿದ್ದು 1891ರಲ್ಲಿ, ಲೆಕ್ಕ ನೀವೇ ಹಾಕಿ. ಬ್ಯಾಂಕಿನಲ್ಲಿ ದುಡಿದಿದ್ದ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಕಾದಂಬರಿಗೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮಾಸ್ತಿಯವರು ಅದಕ್ಕೆ ಮೊದಲೂ ದಶಕಗಳಿಂದ ಬರೆಯುತ್ತಿದ್ದವರು, ಅದೂ ಸರಿ. ನಮ್ಮಪ್ಪನಿಗೂ ಅವರಿಗೂ ಹೋಲಿಕೆ ಬೇಡ ಅಂತ ಅಪ್ಪನೇ ಹೇಳಿದ್ದಾರೆ. ನಾನು ಹೇಳ್ತಿರೋದು ವಯಸ್ಸಿನ ವಿಷಯ ಅಷ್ಟೇ.

ಎಂಜಿನಿಯರುಗಳು ಕಥೆ ಬರೆದಿಲ್ಲವಾ ಅಂತ ಅಪ್ಪ ಒಮ್ಮೆ ಕೇಳಿದರು. ಯಶವಂತ ಚಿತ್ತಾಲರ ‘ಶಿಕಾರಿ’ ತಂದುಕೊಟ್ಟೆ. ಚಿತ್ತಾಲರು ಕೆಮಿಕಲ್ ಎಂಜಿನಿಯರಿಂಗ್ ಓದಿ, ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ಇದ್ದವರು. ಅಪ್ಪ ಪೆನ್ಸಿಲ್ ಹಿಡಿದು ಓದಿದರು, ಟೆಂಡರ್ ದಾಖಲೆ ಓದುವ ಹಾಗೆ. ಒಂದು ವಾರದ ನಂತರ, “ಆಫೀಸು ಅಂದ್ರೆ ಏನು ಅಂತ ಗೊತ್ತಿದ್ದವರು ಬರೆದಿರೋದು” ಅಂದ್ರು. ಅಪ್ಪನ ಕಡೆಯಿಂದ ಅದು ದೊಡ್ಡ ಸರ್ಟಿಫಿಕೇಟು.

ಆದರೆ ಅವರನ್ನು ಅಲ್ಲಾಡಿಸಿದ್ದು ನಾ. ಡಿಸೋಜರ ‘ದ್ವೀಪ’. ಗಿರೀಶ ಕಾಸರವಳ್ಳಿಯವರ ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು, ಶರಾವತಿ ಯೋಜನೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅಪ್ಪ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದರು. ಮಾರನೇ ದಿನ ವಾಕಿಂಗಿಗೂ ಹೋಗಲಿಲ್ಲ. ಸಂಜೆ ಫೋನಿನಲ್ಲಿ, “ಇವರೂ ಇಲಾಖೆಯವರೇ ಕಣಮ್ಮ. ಆದ್ರೆ ದೋಣಿಯಲ್ಲಿ ಕೂತು ಬರೆದಿದ್ದಾರೆ. ನನಗೆ ಗೊತ್ತಿರೋದು ಜೀಪು ಮಾತ್ರ” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, “ಜೀಪಿನಿಂದಾನೂ ಬರೀಬಹುದು ಅಲ್ವಾ?” ಅಂತ ಕೇಳಿದರು.

ಆ ಜೀಪು ಬಾಗಲಕೋಟೆಯದು.

1994ರಿಂದ ಆರು ವರ್ಷ ಅಪ್ಪ ಆ ಕಡೆ ಇದ್ದರು. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯ ಅಣೆಕಟ್ಟು ಏಳುತ್ತಿದ್ದ ಕಾಲ. ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ನೀರು ನಿಲ್ಲುತ್ತೆ ಅಂದರೆ ಆ ಮಟ್ಟದ ಗೆರೆಯನ್ನು ನೆಲದ ಮೇಲೆ ಎಳೆಯಬೇಕು. ಗೆರೆ ನೇರವಾಗಿ ಹೋಗಲ್ಲ. ಹೊಲದ ಬದುವಿನಲ್ಲಿ ಹೋಗಿ, ಹಳ್ಳದ ಒಳಕ್ಕೆ ತಿರುಗಿ, ಊರಿನ ಓಣಿಯ ಮಧ್ಯೆಯೇ ಹಾಯಬಹುದು. ಗೆರೆಯ ಕೆಳಗಿದ್ದದ್ದನ್ನೆಲ್ಲ ಅಳೆದು ಬರೆಯಬೇಕು: ಗೋಡೆ, ಮಾಳಿಗೆ, ತೊಲೆ, ಜಂತಿ, ಬಾಗಿಲು, ಬಾವಿ, ಹುಣಸೆಮರ, ಬೇವಿನಮರ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಇದೆಲ್ಲ ನಮಗೆ ಗೊತ್ತಿದ್ದದ್ದು ಪಠ್ಯಪುಸ್ತಕದ ಮಟ್ಟಿಗೆ. ಅಪ್ಪ ಏನೂ ಹೇಳಿದವರಲ್ಲ. ನಮ್ಮ ಸ್ಕೂಲು ಕೆಡುತ್ತೆ ಅಂತ ಅಮ್ಮ ನಮ್ಮಿಬ್ಬರನ್ನು ಇಟ್ಟುಕೊಂಡು ಮೈಸೂರಿನಲ್ಲೇ ಉಳಿದಿದ್ದಳು. ಅಪ್ಪ ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬರೋರು. ಹೇಗಿತ್ತು ಅಂದ್ರೆ “ಏನಿಲ್ಲ, ಕೆಲಸ” ಅನ್ನೋರು.

‘ಷರಾ’ ಅನ್ನೋ ಕಥೆ ಹುಟ್ಟಿದ್ದು ಹಾಗೆ. ಸರ್ಕಾರಿ ನಮೂನೆಗಳಲ್ಲಿ ಕೊನೆಯ ಕಾಲಂ ಷರಾ. ಬೇರೆ ಕಾಲಮ್ಮುಗಳಲ್ಲಿ ಹಿಡಿಸದೇ ಇದ್ದದ್ದು ಏನಾದರೂ ಇದ್ದರೆ ಬರೆಯಲಿಕ್ಕೆ. ಸಾಮಾನ್ಯವಾಗಿ ಖಾಲಿ ಇರುತ್ತೆ. ಕಥೆಯಲ್ಲಿ ಒಬ್ಬ ಕಿರಿಯ ಎಂಜಿನಿಯರ್ ಮುದುಕಿಯೊಬ್ಬಳ ಮಾಳಿಗೆ ಮನೆ ಅಳೆಯುತ್ತಾನೆ. ಎಲ್ಲ ಮುಗಿದು ಟೇಪು ಸುತ್ತುವಾಗ ಮುದುಕಿ ಅಡುಗೆಮನೆಗೆ ಕರೆದುಕೊಂಡು ಹೋಗಿ ನೆಲದಲ್ಲಿ ಹೂತ ಒಳಕಲ್ಲು ತೋರಿಸ್ತಾಳೆ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲ ರುಬ್ಬಿ ರುಬ್ಬಿ ಕುಳಿ ಆಳವಾಗಿದೆ. “ಗ್ವಾಡಿ ಬರ್ಕೊಂಡ್ರಿ, ಬಾಗ್ಲಾ ಬರ್ಕೊಂಡ್ರಿ, ಇದನ್ನ ಬರ್ಕೊಳ್ಳಿಲ್ಲಲ್ರಿ ಸಾಹೇಬ್ರ?” ಅಂತಾಳೆ. ಅವಳಿಗೆ ಅದರ ದುಡ್ಡು ಬೇಡ. ಬರೆದುಕೊಳ್ಳಬೇಕು ಅಷ್ಟೇ. ಎಂಜಿನಿಯರ್ ಮತ್ತೆ ಕೂತು, ಕುಳಿಗೆ ಸ್ಕೇಲು ಇಳಿಸಿ ಆಳ ನೋಡಿ, ಷರಾ ಕಾಲಮ್ಮಿನಲ್ಲಿ ಬರೀತಾನೆ: ‘ಒಳಕಲ್ಲು 1. ಕುಳಿಯ ಆಳ 23 ಸೆಂ.ಮೀ. ನಾಲ್ಕು ತಲೆಮಾರು.’

ಮೊದಲ ಕರಡಿನಲ್ಲಿ ಮುದುಕಿ ಅಪ್ಪಟ ಮೈಸೂರು ಮಾತಾಡಿದ್ದಳು. “ಸ್ವಾಮಿ, ಈ ಒರಳನ್ನೂ ಸ್ವಲ್ಪ ಬರ್ಕೊಳ್ಳಿ” ಅಂತ. ಅಪ್ಪನಿಗೇ ಅದು ಸರಿಬರಲಿಲ್ಲ. ಬಾಗಲಕೋಟೆಯಲ್ಲಿ ಅವರ ಜೊತೆಗಿದ್ದ ವರ್ಕ್ ಇನ್‌ಸ್ಪೆಕ್ಟರ್ ಒಬ್ಬರಿದ್ದಾರೆ. ಅವರೂ ಈಗ ನಿವೃತ್ತರು, ಊರಲ್ಲಿ ಕಬ್ಬು ಬೆಳೆಸ್ತಾರೆ. ಅವರಿಗೆ ಫೋನ್ ಹೋಯ್ತು. ಅಪ್ಪ ಒಂದೊಂದೇ ಮಾತು ಓದೋದು, ಅವರು ತಿದ್ದೋದು. “ಒರಳು ಅನ್ನಂಗಿಲ್ರಿ ಸಾಹೇಬ್ರ, ಒಳಕಲ್ಲ ಅಂತೀವ್ರಿ. ಸ್ವಾಮಿ ಗೀಮಿ ಅನ್ನೂದಿಲ್ರಿ ನಮ್ಮ ಕಡಿ.” ಇಪ್ಪತ್ತು ವರ್ಷದಿಂದ ಮಾತಾಡದಿದ್ದ ಇಬ್ಬರು ಒಬ್ಬ ಕಾಲ್ಪನಿಕ ಮುದುಕಿಯ ಬಾಯಿ ಸರಿಮಾಡಲಿಕ್ಕೆ ದಿನಾ ಸಂಜೆ ಮುಕ್ಕಾಲು ಗಂಟೆ ಫೋನಿನಲ್ಲಿ ಕೂರೋರು. ಈಗಲೂ ಕೂರ್ತಾರೆ, ಕಥೆ ಇರಲಿ ಬಿಡಲಿ.

ಕಥೆಯನ್ನು ಒಂದು ಮಾಸಿಕಕ್ಕೆ ಕಳಿಸಿದೆವು. ಮೂರು ತಿಂಗಳು ಉತ್ತರ ಇಲ್ಲ. ಅಪ್ಪ ನನಗೆ ಹೇಳದೆ ಸಂಪಾದಕರಿಗೆ ಒಂದು ಪತ್ರ ಹಾಕಿದ್ದರು. ವಿಷಯ, ಉಲ್ಲೇಖ ಎಲ್ಲ ಇದ್ದ ಪತ್ರ, ತಲೆಯಲ್ಲಿ ‘ಜ್ಞಾಪನ-1’! ಸಂಪಾದಕರು ಒಳ್ಳೆಯವರು, ನಕ್ಕಿರಬೇಕು. ಎರಡು ಸಾಲಿನ ಉತ್ತರ ಬರೆದರು: ಸಂಭಾಷಣೆ ಚೆನ್ನಾಗಿದೆ, ಮೊದಲ ಮೂರು ಪುಟ ತೆಗೆದು ಕಳಿಸಿ. ಮೊದಲ ಮೂರು ಪುಟದಲ್ಲಿ ಕೃಷ್ಣಾ ಕಣಿವೆಯ ಭೌಗೋಳಿಕ ವಿವರ ಇತ್ತು. ಅಪ್ಪ ಒಂದು ವಾರ ಒದ್ದಾಡಿ, ಒಂದೊಂದು ಪ್ಯಾರಾಗೂ ಗೆರೆ ಎಳೆದು ಸಹಿ ಹಾಕಿ ತೆಗೆದರು. ಕಥೆ ಅಚ್ಚಾಯ್ತು. ಅಪ್ಪ ಮೂರು ಪ್ರತಿ ಕೊಂಡರು: ಒಂದು ಮನೆಗೆ, ಒಂದು ನನಗೆ, ಒಂದು ‘ಕಚೇರಿ ಪ್ರತಿ’. ಯಾವ ಕಚೇರಿ ಅಂತ ನಾನು ಕೇಳಲಿಲ್ಲ.

ಬಾಗಲಕೋಟೆಯಿಂದ ಫೋನ್ ಬಂತು. “ಆಕಿ ಹಂಗ ಇರ್ಲಿಲ್ಲಲ್ರಿ ಸಾಹೇಬ್ರ. ನಮ್ಮನ್ನ ಭಾಳ ಬೈದು ಹೊರಗ ಹಾಕಿದ್ಲು.”

“ಕಥೆ ಕಣ್ರೀ ಅದು” ಅಂದ್ರು ಅಪ್ಪ, ಗಂಭೀರವಾಗಿ.

ಆಮೇಲೆ ನಾನು ಕೇಳಿದೆ, ಹಾಗಾದ್ರೆ ಒಳಕಲ್ಲು? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಕಲ್ಲು ಇತ್ತು. ಮುದುಕಿ ಬೈಯುತ್ತಲೇ ತೋರಿಸಿದ್ದಳು. ಆ ಷರಾ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. “ಅವತ್ತು ಇನ್ನೂ ಹನ್ನೊಂದು ಮನೆ ಇತ್ತು. ಈಗ ಬರೆದೆ” ಅಂದ್ರು.

ಕಥೆ ಅಚ್ಚಾದ ಖುಷಿಗೆ ನಾನು ರಜೆ ಹಾಕಿ ಮೈಸೂರಿಗೆ ಹೋದೆ. ಮನೆಯಲ್ಲಿ ಹಬ್ಬದ ವಾತಾವರಣ ಇರುತ್ತೆ ಅಂದುಕೊಂಡರೆ ಅಮ್ಮ ಮಾತೇ ಆಡ್ತಿಲ್ಲ. ಬಿಸಿಬೇಳೆಬಾತ್ ಮಾಡಿದ್ದಳು, ಬಡಿಸಿದಳು, ಮಾತಿಲ್ಲ. ರಾತ್ರಿ ಪತ್ರಿಕೆ ತಂದು ನನ್ನ ಮುಂದೆ ಹಾಕಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಎಂಜಿನಿಯರನ ಹೆಂಡತಿ, ಮಕ್ಕಳು ಮೈಸೂರಿನಲ್ಲಿದ್ದರು.’ ಹದಿನಾಲ್ಕು ಪುಟದ ಕಥೆಯಲ್ಲಿ ಹೆಂಡತಿಯ ಬಗ್ಗೆ ಇದ್ದದ್ದು ಅಷ್ಟೇ.

“ಆರು ವರ್ಷ ಕೇಳಿದ್ದಕ್ಕೆ ‘ಏನಿಲ್ಲ, ಕೆಲಸ’ ಅಂದ್ರು. ಈಗ ಊರಿಗೆಲ್ಲ ಹೇಳ್ತಿದ್ದಾರೆ. ಆ ಮುದುಕಿ ಒಳಕಲ್ಲಿನ ಆಳ ಎಷ್ಟು ಅಂತ ಗೊತ್ತಿದೆ ಇವರಿಗೆ. ನಾನು ಒಂದು ವಾಕ್ಯ.”

ಅಪ್ಪ ಬಾಗಿಲಲ್ಲಿ ನಿಂತಿದ್ದರು. “ಕಥೆ ಕಣೇ ಅದು” ಅನ್ನೋ ಮಾತು ಅವತ್ತು ಅವರ ಬಾಯಿಂದ ಬರಲಿಲ್ಲ.

ಮಾರನೇ ಬೆಳಿಗ್ಗೆ ಕಾಫಿ ಹೊತ್ತಿಗೆ ಅಪ್ಪ ಸಣ್ಣ ಡೈರಿ, ಪೆನ್ನು ಹಿಡಿದು ಅಮ್ಮನ ಎದುರು ಕೂತರು. ಸೈಟ್ ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ. “ಹೇಳು. ಆ ಆರು ವರ್ಷ ಇಲ್ಲಿ ಏನೇನಾಯ್ತು?”

“ಏನಿಲ್ಲ. ಮನೆ, ಮಕ್ಕಳು” ಅಂದಳು ಅಮ್ಮ, ಬೀನ್ಸ್ ಬಿಡಿಸುತ್ತಾ. ಅಪ್ಪ ಎದ್ದು ಹೋಗಲಿಲ್ಲ. ಅದೇ ನನಗೆ ಆಶ್ಚರ್ಯವಾಗಿದ್ದು. ಹೆಚ್ಚು ಕೆದಕಲೂ ಇಲ್ಲ. ಕೂತೇ ಇದ್ದರು. ಬೀನ್ಸ್ ಮುಗಿದು ಅವರೆಕಾಯಿಗೆ ಬಂದ ಮೇಲೆ ಅಮ್ಮ ಶುರುಮಾಡಿದಳು.

1997ರಲ್ಲಿ ತಮ್ಮನಿಗೆ ಟೈಫಾಯ್ಡ್ ಆಗಿತ್ತು. ಅವನಿಗೆ ನಾಲ್ಕು, ನನಗೆ ಏಳು. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದು ನೆನಪಿದೆ. ಅವರ ಮನೆ ಪುಳಿಯೋಗರೆ, ಅವರ ಮನೆ ಟಿ.ವಿ., ನನಗೆ ಅದು ಮಜವಾದ ವಾರ. ಈ ಕಡೆ ಅಮ್ಮ ರಾತ್ರಿ ಹನ್ನೊಂದಕ್ಕೆ ಆಟೊ ಹುಡುಕಿಕೊಂಡು, ಮಗನನ್ನು ಹೆಗಲ ಮೇಲೆ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಹೋಗಿದ್ದಳು. ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಅಪ್ಪನ ಆಫೀಸಿಗೆ ಫೋನ್ ಮಾಡಿದ್ದಳು. ಅಪ್ಪ ಸರ್ವೆಗೆ ಹೋಗಿದ್ದರು, ಎತ್ತಿದವರು ಹೇಳ್ತೀವಿ ಅಂದರು. ಅಪ್ಪನಿಗೆ ಸುದ್ದಿ ತಲುಪಿ ಮೈಸೂರಿಗೆ ಬರುವಷ್ಟರಲ್ಲಿ ನಾಲ್ಕು ದಿನ. ತಮ್ಮ ಅಷ್ಟು ಹೊತ್ತಿಗೆ ಹಾಸಿಗೆಯಲ್ಲಿ ಕೂತು ಗಂಜಿ ಬೇಡ ಅಂತ ಹಟ ಮಾಡ್ತಿದ್ದ. ಏನಾಗಿತ್ತು ಅಂದ ಅಪ್ಪನಿಗೆ ಅಮ್ಮ, “ಏನಿಲ್ಲ, ಜ್ವರ” ಅಂದಿದ್ದಳು.

“ಅಡ್ವಾನ್ಸ್ ಕಟ್ಟೋಕೆ ದುಡ್ಡು?” ಅಂದ್ರು ಅಪ್ಪ.

“ಬಳೆ ಅಡ ಇಟ್ಟೆ.”

“ಯಾವ ಬಳೆ?”

“ನಮ್ಮಮ್ಮ ಹಾಕಿದ್ದು. ಒಂದು ಜೊತೆ. ಎಂಟು ತಿಂಗಳು ಕೈಯಲ್ಲಿರಲಿಲ್ಲ. ನೀವು ನೋಡಲೇ ಇಲ್ಲ.”

ಅಪ್ಪ ಡೈರಿಯಲ್ಲಿ ಬರೆದುಕೊಂಡರು. ತಲೆ ಎತ್ತದೆ, “ಎಷ್ಟು ಗ್ರಾಂ?” ಅಂದ್ರು.

ಅಮ್ಮ ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ ಅಪ್ಪನನ್ನೇ ನೋಡಿದಳು. ಜಗಳ ಶುರುವಾಗುತ್ತೆ ಅಂದುಕೊಂಡು ನಾನು ಲೋಟ ಎತ್ತಿಕೊಂಡೆ. ಅಮ್ಮನಿಗೆ ನಗು ಬಂದುಬಿಟ್ಟಿತು. ಎಷ್ಟು ನಕ್ಕಳು ಅಂದ್ರೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯ್ತು. ಅಪ್ಪ ಮಾತ್ರ ಪೆನ್ನು ಹಿಡಿದು ಕಾಯ್ತಿದ್ದರು. ತಮಾಷೆಗೆ ಕೇಳಿದ್ದಲ್ಲ ಅದು. ಒಂದು ವಿಷಯ ಅವರಿಗೆ ಮನಸ್ಸಿಗೆ ತಟ್ಟಿತು ಅಂದ್ರೆ ಅಳತೆ ಕೇಳ್ತಾರೆ, ಅವರಿಗೆ ಬರೋದು ಹಾಗೆ. ಆ ಮುದುಕಿಯ ಒಳಕಲ್ಲಿಗೂ ಆಳ ನೋಡಿದ್ದು ಅದಕ್ಕೇ ಇರಬೇಕು ಅಂತ ನನಗೆ ಆಗ ಅನ್ನಿಸಿತು.

ಆ ಭಾನುವಾರದಿಂದ ಇಬ್ಬರೂ ದಿನಾ ಬೆಳಿಗ್ಗೆ ಕೂರ್ತಾರೆ. ಡೈರಿ ಎರಡಾಗಿದೆ. ಹಾಲಿನ ಲೆಕ್ಕ, ಬಾಡಿಗೆ ಮನೆಯ ಓನರಿನ ಕಾಟ, ನನಗೆ ಗಣಿತದಲ್ಲಿ ಬಂದ ಮಾರ್ಕು, ಅಮ್ಮ ಕೆಲಸಕ್ಕೆ ಸೇರಬೇಕು ಅಂದುಕೊಂಡು ಬರೆದು ಹಾಕದೇ ಇಟ್ಟುಕೊಂಡ ಒಂದು ಅರ್ಜಿ. ಆ ಅರ್ಜಿಯ ವಿಷಯ ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಈಗಲೂ ಹೊಲಿದಿಟ್ಟ ಒಂದು ಧಾರಾವಾಹಿಯ ಒಳಗೆ ಇದೆ.

ಹೊಸ ಕಥೆಗೆ ಅಪ್ಪ ‘ಎಸ್‌ಟಿಡಿ’ ಅಂತ ಹೆಸರಿಟ್ಟಿದ್ದಾರೆ. ಎಂಜಿನಿಯರ್ ಅದರಲ್ಲಿ ಬರೋದೇ ಇಲ್ಲ. ಫೋನಿನ ಆ ಕಡೆ ಇದ್ದಾನೆ, ಅವನು ಎತ್ತಲ್ಲ. ಸರ್ವಿಸಿನಲ್ಲಿದ್ದಾಗ ಅಪ್ಪ ಸಹಿ ಹಾಕುತ್ತಿದ್ದ ಹಸಿರು ಇಂಕಿನ ಪೆನ್ನು ಈಗ ಅಮ್ಮನ ಕೈಯಲ್ಲಿದೆ, ಕರಡು ತಿದ್ದೋದು ಅವಳೇ. ಮೂರನೇ ಕರಡಿನ ಫೋಟೊ ನನಗೆ ಬಂದಾಗ ಮೆಟ್ರೊ ಮೆಜೆಸ್ಟಿಕ್ ದಾಟಿತ್ತು. ಬೂತಿನ ದೃಶ್ಯದಲ್ಲಿ ಅಪ್ಪ, ಯಾರೂ ಅಳೋದೇ ಇಲ್ಲ ಅನ್ನೋ ಹಳೇ ಆಕ್ಷೇಪಣೆ ನೆನಪಿಟ್ಟುಕೊಂಡು, ‘ರಿಸೀವರ್ ಹಿಡಿದ ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಹರಿಯಿತು’ ಅಂತ ಬರೆದಿದ್ದರು. ಅಮ್ಮ ಅದರ ಮೇಲೆ ಒಂದೇ ಹಸಿರು ಗೆರೆ ಎಳೆದು, ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಅಳಲಿಲ್ಲ. ಮೀಟರ್ ಓಡುತ್ತಿತ್ತು.’ ಕೆಳಗೆ ಸಹಿ, ತಾರೀಕು.

ನಾನು ಇಳಿಯಬೇಕಾದ ಸ್ಟೇಷನ್ ಎರಡು ಸ್ಟಾಪು ಹಿಂದೆ ಹೋಗಿತ್ತು.

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕೊನೇ ದಿನ ಯಾವಾಗ ಅಂತ ಅಪ್ಪ ವಾರಕ್ಕೊಮ್ಮೆ ನನ್ನನ್ನು ಕೇಳ್ತಾರೆ. ಕಳಿಸಬೇಕೋ ಬೇಡವೋ ಅನ್ನೋದು ಮಾತ್ರ ಇನ್ನೂ ನಿರ್ಧಾರವಾಗಿಲ್ಲ. ಬಳೆ ವಿಷಯ ಅತ್ತೆಮನೆ ಕಡೆಯವರು ಓದೋದು ಅಮ್ಮನಿಗೆ ಇಷ್ಟವಿಲ್ಲ. ಬಳೆಯ ಬದಲು ಸರ ಅಂತ ಬರೀಲಾ ಅಂತ ಅಪ್ಪ ಕೇಳಿದ್ದಕ್ಕೆ, ಅದೂ ಬೇಡ, ಅದು ಬಳೆಯೇ ಅಂದಳಂತೆ. ಅರ್ಜಿಯ ಪ್ರಸಂಗವನ್ನು ಸೇರಿಸೋಕೆ ಒಪ್ಪಿಲ್ಲ. ಅದನ್ನು ಬೇಕಾದರೆ ತಾನೇ ಬರೀತಾಳಂತೆ. ಅಪ್ಪ ಮರುದಿನವೇ ಪೇಟೆಗೆ ಹೋಗಿ ಇನ್ನೊಂದು ಉದ್ದನೆ ರಿಜಿಸ್ಟರ್ ತಂದು, ಪುಟಗಳ ನಂಬರು ಹಾಕಿ, ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟಿದ್ದಾರೆ.

ಕಳೆದ ವಾರ ಫೋನ್ ಮಾಡಿ, ‘ಎಸ್‌ಟಿಡಿ’ ಎಲ್ಲಿಗೆ ಬಂತು ಅಂತ ಕೇಳಿದೆ.

“ಕಡತ ನಿಮ್ಮಮ್ಮನ ಟೇಬಲ್ ಮೇಲಿದೆ” ಅಂದ್ರು ಅಪ್ಪ. “ಜ್ಞಾಪನ-2 ಕಳಿಸಿದ್ದೀನಿ.”

ಹಿಂದಿನಿಂದ ಅಮ್ಮನ ದನಿ ಕೇಳಿಸ್ತು: “ನಾಲ್ಕನೇ ಪುಟದಲ್ಲಿ ಆಟೊದವನು ಮೂವತ್ತು ರೂಪಾಯಿ ತಗೊಂಡ ಅಂತ ಬರೆದಿದ್ದಾರೆ. ಅವನು ದುಡ್ಡೇ ತಗೊಳ್ಳಲಿಲ್ಲ ಅಂತ ಹೇಳು.”